ಬಡವರ ಮೈ ಕಲಿಕೆಯ ಹಾಳೆಯಲ್ಲ

"ಕೈ ಕುದುರಬೇಕಂದ್ರ ಮನುಷ್ಯಾರ ಮೈ ಮ್ಯಾಲೇನ ಮಾಡಬೇಕ್ರಿ. ರಬ್ಬರ್ ಮ್ಯಾಲೆ ಎಷ್ಟ್ ಗೀಚಿದ್ರ ಏನ್ ಬಂತು?"

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಟ್ಯಾಟೂ ಹಾಕುವುದನ್ನು, ಹುಬ್ಬು-ತುಟಿಗೆ ಪರ್ಮನೆಂಟ್ ಮೇಕಪ್ ಮಾಡುವುದನ್ನು ಕಲಿಯಹೊರಟವರ ಕಿವಿಗೆ ಮೊದಲು ಬೀಳುವ ಮಾತು ಇದು. ಕಲಿಸುವವರು ಹೇಳುತ್ತಾರೆ, ಕಲಿಯುವವರು ತಲೆಯಾಡಿಸುತ್ತಾರೆ, ಮೈ ಒಡ್ಡುವವರೂ "ಹೌದಲ್ಲ, ಕಲೀಬೇಕಲ್ಲ ಪಾಪ" ಎಂದು ಸುಮ್ಮನಾಗುತ್ತಾರೆ. ಅನುಭವದ ಮಾತಿನಂತೆ ಕೇಳಿಸುವುದರಿಂದ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಇದು ಅನುಭವದ ಮಾತಲ್ಲ, ಅವಸರದ ಮಾತು. ಕಲಿಸುವ ಹೊಣೆಯನ್ನು ಕಲಿಸುವವರ ಹೆಗಲಿನಿಂದ ಇಳಿಸಿ, ಅದರ ನೋವನ್ನೆಲ್ಲ ಯಾವುದೋ ಬಡವಿಯ ಮುಖದ ಮೇಲೆ ಹೊರಿಸುವ ಮಾತು. ಇದು ಸುಳ್ಳು, ಅಪಾಯ ಮತ್ತು ಅನ್ಯಾಯ.

ಇಂಥ ಕೋರ್ಸುಗಳು ನಡೆಯುವ ರೀತಿಯನ್ನು ನೋಡಿ. ಎರಡು ದಿನ, ಹೆಚ್ಚೆಂದರೆ ಐದು ದಿನ. ಮೊದಲ ದಿನ ಮಧ್ಯಾಹ್ನದವರೆಗೆ ಸೂಜಿ, ಬಣ್ಣ, ಮಷೀನಿನ ಪರಿಚಯ. ಆಮೇಲೆ ಎಲ್ಲರ ಮುಂದೂ ಒಂದೊಂದು ಸಿಲಿಕೋನ್ ಹಾಳೆ. ಒಂದಷ್ಟು ಹುಬ್ಬು ಬರೆದರೆ ಹಾಳೆಯ ಕೆಲಸ ಮುಗಿಯಿತು. ಮರುದಿನ ಬೆಳಗ್ಗೆ "ಲೈವ್ ಮಾಡೆಲ್". ಸಂಜೆಗೆ ಚೌಕಟ್ಟು ಹಾಕಿದ ಸರ್ಟಿಫಿಕೇಟು, ಹಾರ, ಫೋಟೊ. ಮುಂದಿನ ವಾರ ಅದೇ ಫೋಟೊ ಪಾರ್ಲರಿನ ಬಾಗಿಲಲ್ಲಿ ಫ್ಲೆಕ್ಸ್ ಆಗಿರುತ್ತದೆ.

ಆ ಮಾಡೆಲ್ ಯಾರು? ಪೂರ್ತಿ ರೊಕ್ಕ ಕೊಟ್ಟು ಮಾಡಿಸಿಕೊಳ್ಳುವಾಕೆಗೆ ಕಲಿಸುವವರೇ ಕೂತು ಮಾಡುತ್ತಾರೆ. ಕಲಿಯುವವರ ಮೊದಲ ಗೆರೆ ಬೀಳುವುದು ಬೇರೆಯವರ ಮುಖಕ್ಕೆ. ಪಾರ್ಲರಿನಲ್ಲಿ ಕಸ ಹೊಡೆಯುವ ಹುಡುಗಿ, ಎಡದಂಡೆ ಕಾಲುವೆಯ ಗದ್ದೆಗಳಿಗೆ ನಾಟಿಗೆ ಹೋಗುವವಳು, ಕ್ಯಾಂಪಿನಿಂದಲೋ ತಾಂಡಾದಿಂದಲೋ ಗೆಳತಿಯ ಜೊತೆ ಬಂದವಳು. "ಫ್ರೀ ಐತಿ ಬೇ, ರೊಕ್ಕ ಏನೂ ಬ್ಯಾಡ, ಪ್ಯಾಟಿ ಒಳಗ ಸಾವಿರಾರು ರೂಪಾಯಿ ತಗೋತಾರ" ಎಂದರೆ ಆಕೆ ಬೇಡ ಎನ್ನುವುದು ಹೇಗೆ? ಬಿಟ್ಟಿ ಸಿಗುತ್ತದೆ ಎಂದು ಕೂತವಳು ಒಪ್ಪಿಕೊಂಡಿರುವುದು ಚೆಂದದ ಹುಬ್ಬಿಗೆ. ತನ್ನ ಹಣೆಯ ಮೇಲೆ ಯಾರೋ ಜೀವಮಾನದಲ್ಲಿ ಮೊದಲ ಸಲ ಸೂಜಿ ಹಿಡಿಯುತ್ತಾರೆ ಎಂಬುದಕ್ಕೆ ಆಕೆ ಒಪ್ಪಿಲ್ಲ, ಏಕೆಂದರೆ ಹಾಗೆಂದು ಆಕೆಗೆ ಯಾರೂ ಹೇಳಿಯೇ ಇಲ್ಲ. ಹೇಳದೆ ಪಡೆದ ಒಪ್ಪಿಗೆ ಒಪ್ಪಿಗೆಯೇ?

ಮೈಯೊಳಗೆ ಏನಾಗುತ್ತದೆ ಎಂಬುದು ಗೊತ್ತಿದ್ದರೆ "ರಬ್ಬರ್ ಮ್ಯಾಲೆ ಏನ್ ಬಂತು" ಎಂಬ ಮಾತು ಬಾಯಿಗೆ ಬರುವುದಿಲ್ಲ. ಚರ್ಮದ ಮೇಲ್ಪದರ ಸರಿಸುಮಾರು ನಾಲ್ಕು ವಾರಕ್ಕೊಮ್ಮೆ ಉದುರಿ ಹೊಸದಾಗುತ್ತದೆ. ಅಲ್ಲಿಗೆ ಇಳಿದ ಬಣ್ಣ ಉಳಿಯುವುದಿಲ್ಲ. ಉಳಿಯಬೇಕಾದರೆ ಸೂಜಿ ಕೆಳಗಿನ ಪದರವನ್ನು ಮುಟ್ಟಬೇಕು. ತೋಳಿನ ಮೇಲೆ ಅದು ಒಂದರಿಂದ ಎರಡು ಮಿಲಿಮೀಟರ್ ಆಳ, ಹುಬ್ಬಿನಲ್ಲಿ ಅದಕ್ಕಿಂತ ಕಡಿಮೆ. ಕಣ್ಣಿನ ರೆಪ್ಪೆಯ ಚರ್ಮವಂತೂ ಇಡೀ ಮೈಯಲ್ಲೇ ತೆಳ್ಳಗಿನದು, ಸುಮಾರು ಅರ್ಧ ಮಿಲಿಮೀಟರ್. ಸೂಜಿ ಮೇಲೇ ಉಳಿದರೆ ಹತ್ತಿದ ಬಣ್ಣವೆಲ್ಲ ಹಕ್ಕಳೆಯ ಜೊತೆ ಉದುರುತ್ತದೆ. ಆಳಕ್ಕೆ ಹೋದರೆ ಬಣ್ಣ ಗೆರೆ ದಾಟಿ ಹರಡಿ ಸುತ್ತಲೂ ನೀಲಿ ಮಬ್ಬು ಕಟ್ಟುತ್ತದೆ, ಗಾಯ ಉಬ್ಬಿ ಕಲೆ ನಿಲ್ಲುತ್ತದೆ. ಸರಿ ಮತ್ತು ತಪ್ಪಿನ ನಡುವಿನ ಅಂತರ ಒಂದು ಮಿಲಿಮೀಟರ್ ಕೂಡ ಇಲ್ಲ. ಅದೂ ಸೆಕೆಂಡಿಗೆ ಹತ್ತಾರು ಸಲ ಮೇಲೆ ಕೆಳಗೆ ಓಡುವ ಸೂಜಿಯಲ್ಲಿ.

ಒಳಗೆ ಹೋದ ಬಣ್ಣವನ್ನು ಚರ್ಮದಲ್ಲಿರುವ ಕಾವಲು ಕಣಗಳು ಹೊರಗಿನ ಶತ್ರು ಎಂದು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಆ ಕಣ ಸತ್ತಾಗ ಚೆಲ್ಲಿದ ಬಣ್ಣವನ್ನು ಅದರ ಜಾಗಕ್ಕೆ ಬಂದ ಹೊಸ ಕಣ ಮತ್ತೆ ನುಂಗುತ್ತದೆ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳ ಮೇಲೆ ಇದನ್ನು ತೋರಿಸಿಕೊಟ್ಟರು. ಕಲಿಯುವವಳ ಕೈ ನಡುಗಿ ಬಿದ್ದ ಒಂದು ತಪ್ಪು ಗೆರೆಯನ್ನು ಆ ಹುಡುಗಿಯ ಮೈ ತಾನೇ ಕಾಪಾಡಿಕೊಂಡು ಬರುತ್ತದೆ, ವರ್ಷಾನುಗಟ್ಟಲೆ. "ಎರಡು ವರ್ಷಕ್ಕ ಹೊಕ್ಕೈತಿ ತಗೋ" ಎಂದು ಸಮಾಧಾನ ಹೇಳುವವರಿಗೆ ಗೊತ್ತಿಲ್ಲವೇ, ಹುಬ್ಬಿನ ಬಣ್ಣ ಹಲವರಲ್ಲಿ ಹೋಗುವುದಿಲ್ಲ, ಇಟ್ಟಿಗೆ ಕೆಂಪಿಗೋ ಬೂದಿ ನೀಲಿಗೋ ತಿರುಗಿ ಉಳಿಯುತ್ತದೆ ಎಂದು? ಲೇಸರಿನಲ್ಲಿ ತೆಗೆಸೋಣವೆಂದರೆ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಸಲಸಲಕ್ಕೂ ದೊಡ್ಡ ಊರಿಗೆ ಓಡಾಟ, ಸಲಸಲಕ್ಕೂ ಸಾವಿರಗಟ್ಟಲೆ ಖರ್ಚು. ತುಟಿಗೆ, ಹುಬ್ಬಿಗೆ ಹಾಕುವ ಕೆಲವು ಬಣ್ಣಗಳು ಲೇಸರ್ ತಾಗಿದೊಡನೆ ಇನ್ನೂ ಕಪ್ಪಾಗುವುದೂ ಉಂಟು. ಬಿಟ್ಟಿ ಹುಬ್ಬು ಬರೆಸಿಕೊಂಡ ಕೂಲಿಯ ಹುಡುಗಿ ಆ ಹಣವನ್ನು ಎಲ್ಲಿಂದ ತರಬೇಕು?

ಈಗ ಆ ತಾತ್ಸಾರದ ಹಾಳೆಯನ್ನೇ ಕೈಗೆತ್ತಿಕೊಳ್ಳೋಣ. ನೋಟುಬುಕ್ಕಿನ ಪುಟದಷ್ಟು ಅಗಲ, ಕೆಲವೇ ಮಿಲಿಮೀಟರ್ ದಪ್ಪ, ಮುಟ್ಟಿದರೆ ಮೆತ್ತಗೆ. ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ ಗೆರೆ ಎಳೆಯುವಾಗ ಎಲ್ಲವೂ ಚೆನ್ನಾಗಿ ಬಂದಂತೆಯೇ ಕಾಣುತ್ತದೆ, ಏಕೆಂದರೆ ಚೆಲ್ಲಿದ ಬಣ್ಣ ತಪ್ಪನ್ನೆಲ್ಲ ಮುಚ್ಚಿರುತ್ತದೆ. ಟಿಶ್ಯೂ ತೆಗೆದುಕೊಂಡು ಒರೆಸಿದಾಗ ಕೈಯ ನಿಜ ಹೊರಬೀಳುತ್ತದೆ. ಸೂಜಿ ಮೇಲುಮೇಲೆ ಹೋದ ಕಡೆ ಗೆರೆ ಮಾಸಿ ತುಂಡುತುಂಡಾಗಿರುತ್ತದೆ. ಕೈ ಅನುಮಾನಿಸಿ ನಿಂತ ಕಡೆ ಒಂದು ದಪ್ಪ ಚುಕ್ಕೆ ಕೂತಿರುತ್ತದೆ. ಮಷೀನಿನ ವೇಗಕ್ಕೆ ಕೈ ಹೊಂದದ ಕಡೆ ಹಾಳೆ ಸೀಳಿ ಎಳೆಎಳೆಯಾಗಿ ಎದ್ದಿರುತ್ತದೆ. ಹಾಳೆಯನ್ನು ಮಗುಚಿ ಬೆಳಕಿಗೆ ಹಿಡಿಯಿರಿ: ಸೂಜಿ ಆಚೆಗೆ ಹೊರಟಿದ್ದರೆ ತೂತು ಕಾಣುತ್ತದೆ. ಎಡ ಹುಬ್ಬು ಸಲೀಸಾಗಿ ಬಂದು ಬಲ ಹುಬ್ಬು ಸೊಟ್ಟಗಾಗುವುದು ಯಾಕೆ, ಬಾಲದ ಕಡೆಯ ಕೂದಲೆಳೆಗಳು ಯಾಕೆ ಒಂದರ ಮೇಲೊಂದು ಬೀಳುತ್ತವೆ, ಎಲ್ಲವನ್ನೂ ಆ ಹಾಳೆ ಮುಲಾಜಿಲ್ಲದೆ ಹೇಳುತ್ತದೆ. ಅಷ್ಟು ಸತ್ಯ ಹೇಳುವ ವಸ್ತುವನ್ನು ಅರ್ಧ ದಿನಕ್ಕೆ ಎತ್ತಿಡುವುದೇಕೆ? ಹಾಳೆಗೆ ನೂರು ತಪ್ಪಾದರೂ ಯಾರ ಬಾಳೂ ಕೆಡುವುದಿಲ್ಲ. ತಪ್ಪು ಮಾಡಿ ಮಾಡಿಯೇ ಕಲಿಯಬೇಕಾದ ವಿದ್ಯೆಗೆ ಇದಕ್ಕಿಂತ ತಕ್ಕ ಜಾಗ ಇನ್ನೊಂದಿದೆಯೇ?

"ಹಾಳಿಗೆ ರಕ್ತ ಬರಲ್ಲ, ಬಾವು ಬರಲ್ಲ, ಚರ್ಮ ಜಗ್ಗಿ ಹಿಡಿಯೋದು ತಿಳಿಯಲ್ಲ" ಎನ್ನುತ್ತಾರೆ. ನಿಜ. ಆದರೆ ಗೆರೆಯೇ ನೆಟ್ಟಗೆ ಬಾರದ ಕೈಗೆ ರಕ್ತ ನೋಡಿದ ಮೇಲೆ ಬುದ್ಧಿ ಬರುತ್ತದೆಯೇ? ರಕ್ತ ಜಿನುಗುವಾಗ, ಎದುರಿನವಳು ನೋವಿಗೆ ಮುಖ ಸಿಂಡರಿಸುವಾಗ, ಆಳ, ವೇಗ, ಗೆರೆ ಇಷ್ಟಾದರೂ ಕೈಗೆ ಮೊದಲೇ ಒಗ್ಗಿರಬೇಡವೇ? ಹಾಳೆಯಿಂದ ಬಾರದ್ದು ನುರಿತವರ ಪಕ್ಕದಲ್ಲಿ ತಿಂಗಳುಗಟ್ಟಲೆ ಕೂತು ನೋಡುವುದರಿಂದ ಬರುತ್ತದೆ. ಆ ತಿಂಗಳುಗಳನ್ನು ಉಳಿಸಲೆಂದೇ ಹುಟ್ಟಿದ ನೆಪ ಇದು.

ನಮ್ಮ ಊರುಗಳ ಟೇಲರಿಂಗ್ ಕ್ಲಾಸಿಗೆ ಹೋಗಿ ನೋಡಿ. ಹೊಸದಾಗಿ ಸೇರಿದವಳ ಕೈಗೆ ಯಾರೂ ಗಿರಾಕಿಯ ರೇಷ್ಮೆ ಬ್ಲೌಸ್ ಪೀಸ್ ಕೊಡುವುದಿಲ್ಲ. ವಾರಗಟ್ಟಲೆ ಹಳೆ ಪೇಪರಿನ ಮೇಲೆ ಕಟಿಂಗ್, ಆಮೇಲೆ ಹಳೆ ಬಟ್ಟೆ. ಬ್ಲೌಸ್ ಪೀಸಿಗೆ ಇರುವ ಈ ಮರ್ಯಾದೆ ಹೆಣ್ಣುಮಗಳ ಮುಖಕ್ಕೆ ಯಾಕಿಲ್ಲ?

ಖರ್ಚಿನ ಮಾತು ಎತ್ತುವವರಿದ್ದಾರೆ. ಸಾವಿರಾರು ರೂಪಾಯಿ ಫೀಸು ಕಟ್ಟಿಸಿಕೊಳ್ಳುವವರು ಕೆಲವು ನೂರು ರೂಪಾಯಿಯ ಹಾಳೆಗೆ ಖರ್ಚು ಎನ್ನುವುದು ನಾಚಿಕೆಗೇಡು. ಹಾಳೆಗೂ ಗತಿಯಿಲ್ಲವೇ? ಬಾಳೆಹಣ್ಣಿನ ಸಿಪ್ಪೆ ಇದೆ, ಮೋಸಂಬಿ ಇದೆ, ಕುಂಬಳಕಾಯಿ ಇದೆ. ಇದೇನು ಹೊರದೇಶದಿಂದ ಬಂದ ಶೋಕಿಯೂ ಅಲ್ಲ. ಶಸ್ತ್ರಚಿಕಿತ್ಸೆಯ ನಮ್ಮ ಹಳೆಯ ಗ್ರಂಥ ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೇ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು. ಕೊಯ್ಯುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಯ ಮೇಲೆ ಕಲಿಯಬೇಕು. ಕೆರೆಯುವುದನ್ನು ಕೂದಲಿರುವ, ಹರವಿ ಬಿಗಿದ ತೊಗಲಿನ ಮೇಲೆ. ರಕ್ತನಾಳ ಚುಚ್ಚುವುದನ್ನು ಸತ್ತ ಪ್ರಾಣಿಯ ನಾಳ ಮತ್ತು ತಾವರೆ ದಂಟಿನ ಮೇಲೆ. ಹೊಲಿಗೆಯನ್ನು ಬಟ್ಟೆ ಮತ್ತು ಮೆತ್ತನೆಯ ತೊಗಲಿನ ಮೇಲೆ. ಪಟ್ಟಿ ಕಟ್ಟುವುದನ್ನು ಗೊಂಬೆಯ ಮೇಲೆ. ಎಷ್ಟೇ ಓದಿಕೊಂಡಿದ್ದರೂ ಈ ಅಭ್ಯಾಸ ಮಾಡದವನು ಕೆಲಸಕ್ಕೆ ಅನರ್ಹ ಎಂಬುದು ಆ ಅಧ್ಯಾಯದ ಕಟ್ಟುನಿಟ್ಟು. ಸಾವಿರಾರು ವರ್ಷಗಳ ಹಿಂದೆ ಈ ನೆಲದಲ್ಲಿ ಇಷ್ಟು ವಿವೇಕವಿತ್ತು. ಇವತ್ತು ಏಸಿ ಪಾರ್ಲರಿನಲ್ಲಿ ಕೂತು ನಾವು ಅದನ್ನು ಬಿಟ್ಟುಕೊಟ್ಟಿದ್ದೇವೆ.

ಇನ್ನೊಂದು ವಾದ ಕೇಳಲು ಇಂಪಾಗಿರುತ್ತದೆ: "ನಮ್ಮ ಅಮ್ಮಂದಿರು ಹಚ್ಚಿ ಚುಚ್ಚಿಸಿಕೊಂಡಿಲ್ಲೇನು? ಅವರಿಗೇನಾತು?" ಈ ಸೀಮೆಯ ಮುದುಕಿಯರ ಮುಂಗೈ ಮೇಲೆ, ಹಣೆಯ ಮೇಲೆ ಹಸಿರುಗಟ್ಟಿದ ಚುಕ್ಕೆ, ತೊಟ್ಟಿಲು, ಚೇಳು, ಹೆಸರು ಈಗಲೂ ಇವೆ, ತಾಂಡಾದ ಅಜ್ಜಿಯರ ಮೈಮೇಲೂ ಇವೆ. ಆದರೆ ಹಚ್ಚೆ ಹಾಕಿದ ಕೊರವರ ಹೆಣ್ಣುಮಗಳು ಎರಡು ದಿನದ ಕೋರ್ಸು ಮಾಡಿ ಬಂದವಳಲ್ಲ. ತಾಯಿಯ ಬೆನ್ನಿಗೆ ಊರೂರು ತಿರುಗಿ, ಮಸಿ ಅರೆದು, ಸೊಪ್ಪಿನ ರಸ ಹಿಂಡಿ, ಸೂಜಿ ಕಟ್ಟಿಕೊಟ್ಟು, ವರ್ಷಗಟ್ಟಲೆ ನೋಡಿ, ಆಮೇಲೆ ಸೂಜಿ ಹಿಡಿದವಳು. ಆಕೆಯ ಹೆಸರು ಹೇಳಿಕೊಂಡು ಆಕೆಯ ಕಲಿಕೆಯನ್ನು ಮಾತ್ರ ಬಿಟ್ಟುಬಿಡುವುದು ಯಾವ ನ್ಯಾಯ? ಇನ್ನು "ಏನೂ ಆಗಲಿಲ್ಲ" ಎಂಬ ಮಾತು. ಯಾರು ಎಣಿಸಿದ್ದರು? ಕಾಮಾಲೆ ಬಂದು ಸತ್ತವರು, ಹೊಟ್ಟೆ ಊದಿ ಹೋದವರು ಎಲ್ಲರಿಗೂ ಒಂದೇ ಹೆಸರಿತ್ತು, ಹಣೆಬರಹ. ಹೆಪಟೈಟಿಸ್ ಬಿ ವೈರಸ್ಸು ಒಣಗಿದ ರಕ್ತದಲ್ಲಿ ಮೈಯಿಂದ ಹೊರಗೆ ಕನಿಷ್ಠ 7 ದಿನ ಬದುಕಿರುತ್ತದೆ. ಒಳಗೆ ಸೇರಿದರೆ ಎಷ್ಟೋ ವರ್ಷ ಸದ್ದಿಲ್ಲದೆ ಯಕೃತ್ತನ್ನು ತಿನ್ನುತ್ತದೆ. ಸೂಜಿಗೂ ರೋಗಕ್ಕೂ ನಡುವೆ ಇಪ್ಪತ್ತು ವರ್ಷದ ಅಂತರ ಬಿದ್ದರೆ, ಸೂಜಿಯನ್ನು ಹಿಡಿದು ಕೇಳುವವರು ಯಾರು?

ಜಾತ್ರೆಗಳಲ್ಲಿ ಈ ಅಪಾಯವನ್ನು ಹತ್ತಿರದಿಂದ ನೋಡಬಹುದು. ಅಂಬಾಮಠದ ಜಾತ್ರೆಯೋ, ಮುದಗಲ್ಲಿನ ಮೊಹರಮ್ಮೋ, ಮಸ್ಕಿ ಮಲ್ಲಿಕಾರ್ಜುನನ ತೇರೋ, ನಮ್ಮ ಕಡೆ ಸಾವಿರಾರು ಜನ ಸೇರುವ ಜಾಗಗಳಿಗೆ ಕೊರತೆಯಿಲ್ಲ. ಅಂಥ ಒಂದು ಜಾತ್ರೆಯಲ್ಲಿ ಬಳೆ ಅಂಗಡಿಯ ಮಗ್ಗುಲಲ್ಲಿ ತಾಡಪತ್ರಿ ಹಾಸಿ ಕೂತವನನ್ನು ನಾನು ನಿಂತು ನೋಡಿದ್ದೇನೆ. ಒಂದು ಬ್ಯಾಟರಿ, ಒಂದು ಮಷೀನು, ಬಾಟಲಿಯ ಮುಚ್ಚಳದಲ್ಲಿ ಹಸಿರು ಬಣ್ಣ, ಸ್ಟೀಲ್ ಬಟ್ಟಲಲ್ಲಿ ನೀರು, ತೊಡೆಯ ಮೇಲೊಂದು ಬಟ್ಟೆ. ಒಬ್ಬನ ತೋಳು ಮುಗಿದೊಡನೆ ಸೂಜಿಯನ್ನು ಆ ನೀರಿನಲ್ಲಿ ಅಲ್ಲಾಡಿಸಿ, ಅದೇ ಬಟ್ಟೆಯಲ್ಲಿ ಒರೆಸಿ, ಅದೇ ಮುಚ್ಚಳಕ್ಕೆ ಅದ್ದಿ, ಮುಂದಿನ ಕೈ ಹಿಡಿಯುತ್ತಿದ್ದ. ನೀರು ನಸುಗೆಂಪಾಗಿತ್ತು. ಪಕ್ಕದಲ್ಲಿ ಕೂತ ಹುಡುಗ, ಇನ್ನೂ ಮೀಸೆ ಮೂಡದವನು, ಗಿರಾಕಿ ಬಡವನಂತೆ ಕಂಡಾಗ ಮಷೀನು ಈಸಿಕೊಳ್ಳುತ್ತಿದ್ದ. ಅವನ ಅಭ್ಯಾಸ ಅದು. ಅವನ ಕೈಗೆ ಒಂದು ಸಿಲಿಕೋನ್ ಹಾಳೆ ಕೊಟ್ಟು "ಇದರ ಮ್ಯಾಲೆ ಕಲಿ" ಎಂದು ಯಾರೂ ಹೇಳಿರಲಿಲ್ಲ.

ನ್ಯೂಯಾರ್ಕಿನಂಥ ನಗರ ಹೆಪಟೈಟಿಸ್ ಭಯದಿಂದ 1961ರಲ್ಲಿ ಹಚ್ಚೆ ಹಾಕುವುದನ್ನೇ ನಿಷೇಧಿಸಿತ್ತು. ಆ ನಿಷೇಧ 1997ರವರೆಗೂ ಇತ್ತು. ನಿಷೇಧ ನನಗೆ ಬೇಡ. ಮೈಮೇಲೆ ಚಿತ್ರ ಬರೆಸಿಕೊಳ್ಳುವುದು ಮನುಷ್ಯರ ಹಳೆಯ ಆಸೆ. ತೊನ್ನು ಬಂದು ತುಟಿ ಬಿಳುಪಾದವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಹುಬ್ಬಿನ ಕೂದಲು ಉದುರಿದವರಿಗೆ ಈ ವಿದ್ಯೆ ಮುಖದ ಮೇಲಿನ ಮರ್ಯಾದೆಯನ್ನೇ ಮರಳಿ ಕೊಡಬಲ್ಲದು. ಆದ್ದರಿಂದಲೇ ನನಗೆ ಸಿಟ್ಟು. ತೊನ್ನು ಇನ್ನೂ ಹಬ್ಬುತ್ತಿರುವವರಿಗೆ ಚುಚ್ಚಿದರೆ ಆ ಗಾಯದ ಜಾಗದಲ್ಲೇ ಹೊಸ ಬಿಳಿ ಮಚ್ಚೆ ಏಳಬಹುದು. ಸೋರಿಯಾಸಿಸ್ ಇರುವವರಲ್ಲೂ ಚುಚ್ಚಿದ ಜಾಗದಲ್ಲೇ ಆ ರೋಗ ಹೊಸದಾಗಿ ಏಳಬಹುದು. ಎರಡು ದಿನದ ಕೋರ್ಸಿನಲ್ಲಿ ಇದನ್ನು ಯಾರು ಹೇಳಿಕೊಡುತ್ತಾರೆ? ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತೀರಾ, ಹಿಂದೆ ಗಾಯವಾದಾಗ ಕಲೆ ಉಬ್ಬಿ ಬೆಳೆದಿತ್ತೇ ಎಂದು ಕೇಳಬೇಕು ಎನ್ನುವುದನ್ನಾದರೂ ಕಲಿಸುತ್ತಾರೆಯೇ?

ಇದ್ದ ಹಾಳೆಯೂ ನಮ್ಮದಲ್ಲ. ಮಾರುಕಟ್ಟೆಗೆ ಹೆಚ್ಚಾಗಿ ಬರುವುದು ತಿಳಿ ಗುಲಾಬಿ ಬಣ್ಣದ ಹಾಳೆ. ಆ ಬಿಳುಪಿನ ಮೇಲೆ ಕಂದು ಹುಬ್ಬು ಬರೆದು ಮೆಚ್ಚಿಕೊಂಡವಳು, ಬಿಸಿಲಿಗೆ ದುಡಿದು ಕಪ್ಪಾದ ನಮ್ಮ ಹೆಣ್ಣುಮಗಳ ಮುಖದ ಮೇಲೆ ಅದೇ ಬಣ್ಣ ಬಳಸುತ್ತಾಳೆ. ಗಾಯ ಮಾಗಿದ ಮೇಲೆ ಅದು ಕಾಣಿಸುವುದು ಬೂದಿಯಾಗಿ. ಕಂದು, ಕಪ್ಪು ಬಣ್ಣದ ಅಭ್ಯಾಸದ ಹಾಳೆಗಳೂ ಇವೆ, ತರಿಸಿದರೆ ಸಿಗುತ್ತವೆ. ಯಾರೂ ಕೇಳುವುದಿಲ್ಲ, ಅದಕ್ಕೇ ಅಂಗಡಿಯವರು ತರಿಸುವುದಿಲ್ಲ. ನಮ್ಮ ಬಣ್ಣದ ಚರ್ಮದಲ್ಲೇ ಗಾಯದ ಕಲೆ ಕಪ್ಪಾಗಿ ನಿಲ್ಲುವುದು, ಉಬ್ಬಿ ಬೆಳೆಯುವುದು ಹೆಚ್ಚು. ಹೆಚ್ಚು ಜೋಪಾನ ಬೇಕಾದ ಮೈಗೆ ಕಡಿಮೆ ಕಲಿತ ಕೈ! ಇದನ್ನು ಅಭ್ಯಾಸ ಎಂದು ಕರೆಯಲು ನಾನು ಒಪ್ಪುವುದಿಲ್ಲ.

"ಹೆಣ್ಣುಮಕ್ಕಳ ಹೊಟ್ಟೆಪಾಡಿಗೆ ಕಲ್ಲು ಹಾಕಬ್ಯಾಡ್ರಿ" ಎಂಬ ಮಾತು ನನ್ನ ಮನಸ್ಸಿಗೂ ತಾಗುತ್ತದೆ. ಸಂಘದ ಸಾಲ ತೆಗೆದು, ಬಂಗಾರ ಒತ್ತೆಯಿಟ್ಟು ಕೋರ್ಸಿಗೆ ಸೇರಿದ ಹೆಣ್ಣುಮಕ್ಕಳು ನಮ್ಮಲ್ಲಿದ್ದಾರೆ. ಅವರ ಹೊಟ್ಟೆಯ ಮೇಲೆ ಕಲ್ಲು ಹಾಕಿದವರು ಯಾರು? ಎರಡು ದಿನದಲ್ಲಿ ಎಲ್ಲ ಬರುತ್ತದೆ ಎಂದು ಹೇಳಿ ಹಣ ಎಣಿಸಿಕೊಂಡವರು. ಮೊದಲ ಗಿರಾಕಿಯ ತುಟಿ ಊದಿಕೊಂಡು ಕೀವು ತುಂಬಿದಾಗ, ಆಕೆಯ ಗಂಡ, ಮಾವ ಪಾರ್ಲರಿನ ಬಾಗಿಲಿಗೆ ಬಂದು ನಿಂತಾಗ, ಸರ್ಟಿಫಿಕೇಟು ಕೊಟ್ಟವರು ಫೋನ್ ಎತ್ತುವುದಿಲ್ಲ. ಕಲಿಯುವವಳ ಮೈಗೂ ಅಪಾಯವಿದೆ. ಸೂಜಿ ಬೆರಳಿಗೆ ಚುಚ್ಚಿದರೆ ಏನು ಮಾಡಬೇಕು, 72 ಗಂಟೆಯೊಳಗೆ ಎಚ್‌ಐವಿ ತಡೆಯುವ ಮಾತ್ರೆ ಶುರುವಾಗಬೇಕು, ಅದಕ್ಕೆ ಸರ್ಕಾರಿ ಆಸ್ಪತ್ರೆಗೆ ಓಡಬೇಕು ಎಂದು ಆಕೆಗೆ ಹೇಳಿದವರುಂಟೇ? ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸು, ಆರು ತಿಂಗಳಲ್ಲಿ ಮುಗಿಯುತ್ತದೆ. ದೇಶದ ಎಲ್ಲ ಕೂಸುಗಳಿಗೂ ಅದನ್ನು ಕೊಡತೊಡಗಿದ್ದು 2011ರ ಸುಮಾರಿಗೆ. ಇವತ್ತು ಸೂಜಿ ಹಿಡಿಯುತ್ತಿರುವ, ಮೈ ಒಡ್ಡುತ್ತಿರುವ ಹೆಚ್ಚಿನವರು ಅದಕ್ಕೂ ಮೊದಲು ಹುಟ್ಟಿದವರು.

ಸರ್ಕಾರ ಎಲ್ಲಿದೆ? 2025ರ ಆರಂಭದಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಹಚ್ಚೆಯ ಶಾಯಿಯಲ್ಲಿ 22 ಬಗೆಯ ಲೋಹದ ಅಂಶಗಳು ಪತ್ತೆಯಾಗಿವೆ, ನಿಯಮ ಬೇಕು ಎಂದು ಹೇಳಿದರು. ಒಳ್ಳೆಯ ಮಾತು. ಯುರೋಪಿನ ಒಕ್ಕೂಟ 2022ರ ಜನವರಿಯಿಂದಲೇ ಶಾಯಿಯೊಳಗಿನ ಸಾವಿರಾರು ರಾಸಾಯನಿಕಗಳಿಗೆ ಕಡಿವಾಣ ಹಾಕಿದೆ. ಆದರೆ ಶಾಯಿ ತಾನಾಗಿ ಚರ್ಮದೊಳಗೆ ಹೋಗುವುದಿಲ್ಲ. ಒಂದು ಕೈ ಅದನ್ನು ಇಳಿಸುತ್ತದೆ. ಆ ಕೈ ಎಲ್ಲಿ ಕಲಿಯಿತು, ಯಾವುದರ ಮೇಲೆ ಕಲಿಯಿತು, ಎಷ್ಟು ದಿನ ಕಲಿಯಿತು ಎಂದು ಕೇಳುವ ಕಾನೂನು ಎಲ್ಲಿ? ಪರೀಕ್ಷೆಗೆಂದು ಒಂದು ಸಿರಿಂಜು ರಕ್ತ ತೆಗೆಯುವ ಲ್ಯಾಬು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ಅದೇ ಬೀದಿಯಲ್ಲಿ, ಅದೇ ಮೈಗೆ, ಸಾವಿರಾರು ಸಲ ಸೂಜಿ ಚುಚ್ಚಿ ಬಣ್ಣ ತುಂಬುವವರಿಗೆ ಅಂಗಡಿ ಲೈಸೆನ್ಸು ಸಾಕು!

ಬೆಂಗಳೂರಿನ ಕಾನೂನು ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಸಿಂಧನೂರಿನ ನಗರಸಭೆ, ಲಿಂಗಸುಗೂರು ಮತ್ತು ಮಸ್ಕಿಯ ಪುರಸಭೆಗಳು ಲೈಸೆನ್ಸು ಕೊಡುವಾಗ, ನವೀಕರಿಸುವಾಗ ಇಷ್ಟನ್ನು ಕೇಳಲಿ: ಟ್ಯಾಟೂ ಮತ್ತು ಪರ್ಮನೆಂಟ್ ಮೇಕಪ್ ಕಲಿಸುವ ಜಾಗದಲ್ಲಿ ಕಲಿಯುವ ಪ್ರತಿಯೊಬ್ಬರೂ ತಿಂಗಳುಗಟ್ಟಲೆ ಹಾಳೆಯ ಮೇಲೆ ಅಭ್ಯಾಸ ಮಾಡಿದ್ದನ್ನು ತಾರೀಖು ಹಾಕಿ ಉಳಿಸಿರಬೇಕು. ಒಂದು ಹಾಳೆಯೂ ಇಲ್ಲದವರಿಗೆ ಮನುಷ್ಯರನ್ನು ಮುಟ್ಟುವ ಹಕ್ಕಿಲ್ಲ. ತಾಲ್ಲೂಕು ಆರೋಗ್ಯಾಧಿಕಾರಿಗಳು ಬಂದು ಆ ಹಾಳೆಗಳನ್ನು, ಸೂಜಿ ಬಿಸಾಡುವ ಡಬ್ಬಿಯನ್ನು, ಲಸಿಕೆಯ ಚೀಟಿಯನ್ನು ತೆರೆಸಿ ನೋಡಲಿ. ಮೊದಲ ಜೀವಂತ ಮೈ ಬರುವುದು ಆಮೇಲೆ. ಅದೂ ಹದಿನೆಂಟು ದಾಟಿದವರದು, "ಇವಳು ಇನ್ನೂ ಕಲಿಯುತ್ತಿದ್ದಾಳೆ, ಕೆಡಬಹುದು" ಎಂದು ಕನ್ನಡದಲ್ಲಿ ಬರೆದು ಓದಿ ಹೇಳಿದ ಮೇಲೆ, ನುರಿತವರು ಪಕ್ಕದಲ್ಲೇ ನಿಂತಿರುವಾಗ. ಕೆಟ್ಟರೆ ತೆಗೆಸುವ ಖರ್ಚು ಕಲಿಸಿದವರದು. ಕಣ್ಣಿನ ರೆಪ್ಪೆಯನ್ನಂತೂ ಕಲಿಯುವವರು ಮುಟ್ಟಲೇಕೂಡದು. ಜಾತ್ರೆಯ ಕಮಿಟಿಯವರು ಮಿಠಾಯಿ ಅಂಗಡಿಗೆ, ತೊಟ್ಟಿಲಿಗೆ ಜಾಗ ಹರಾಜು ಹಾಕುವಾಗ ಹಚ್ಚೆಯವರಿಗೆ ಒಂದು ಮಾತು ಹೇಳಲಿ: ಮೈಗೊಂದು ಹೊಸ ಸೂಜಿ, ಮೈಗೊಂದು ಹೊಸ ಬಣ್ಣದ ಮುಚ್ಚಳ, ಇಲ್ಲದಿದ್ದರೆ ಜಾಗವಿಲ್ಲ.

ಫೀಸು ಕಟ್ಟಲು ಹೊರಟ ತಂಗಿಯರಿಗೆ ನೇರವಾಗಿ ಹೇಳುತ್ತೇನೆ. ಎಷ್ಟು ದಿನದ ಕೋರ್ಸು, ಎಷ್ಟು ಮಾಡೆಲ್ ಕೊಡುತ್ತೀರಿ ಎಂದು ಕೇಳಬೇಡಿ. ಎಷ್ಟು ಹಾಳೆ ಮಾಡಿಸುತ್ತೀರಿ, ಯಾವ ಬಣ್ಣದ ಹಾಳೆ, ಪ್ರತಿ ಹಾಳೆ ತಿದ್ದುವವರು ಯಾರು ಎಂದು ಕೇಳಿ. ಉತ್ತರ ತಡವರಿಸಿದರೆ ರೊಕ್ಕವನ್ನು ಸೆರಗಿನಲ್ಲೇ ಇಟ್ಟುಕೊಂಡು ಎದ್ದು ಬನ್ನಿ. ಬಿಟ್ಟಿ ಹುಬ್ಬಿಗೆ ಕರೆ ಬಂದ ಅಕ್ಕಂದಿರು, ಕೂರುವ ಮೊದಲು ಸೂಜಿ ಹಿಡಿದವರನ್ನು ಕೇಳಿ: "ಯವ್ವಾ, ನಿನ್ನ ಹಾಳಿ ತೋರ್ಸು." ತೋರಿಸಲು ಹಾಳೆ ಇಲ್ಲದ ಕೈಗೆ ನಿಮ್ಮ ಮುಖ ಕೊಡಬೇಡಿ.